ಅಗ್ಗದ ಮನೆಯ ಋಣ

ಹಳೆಯ ಮನೆಯೊಂದನ್ನು ಕೊಂಡೆ ಎಂದು ನಮ್ಮ ಕಡೆ ಯಾರಾದರೂ ಹೇಳಿದರೆ ಕೇಳಿದವರ ಬಾಯಿಂದ ಬರುವ ಮೊದಲ ಪ್ರಶ್ನೆ ‘ಎಷ್ಟಕ್ಕೆ?’ ಎಂಬುದು. ಮೊತ್ತ ತಿಳಿದ ಮೇಲೆ ಎರಡನೆಯದು, ‘ಅಷ್ಟು ಅಗ್ಗಕ್ಕೆ ಹೇಗೆ ಸಿಕ್ಕಿತು ಮಾರಾಯ್ರೇ?’ ಮೊದಲ ಪ್ರಶ್ನೆಗೆ ಕ್ರಯಪತ್ರದಲ್ಲಿ ಉತ್ತರವಿರುತ್ತದೆ. ಎರಡನೆಯದನ್ನು ಜನ ಕುತೂಹಲಕ್ಕೆ ಕೇಳುತ್ತಾರೆ, ಸ್ವಲ್ಪ ಹೊಟ್ಟೆಕಿಚ್ಚಿಗೂ ಕೇಳುತ್ತಾರೆ. ಕೇಳಿದವರಿಗೆ ಗೊತ್ತಿಲ್ಲದಿದ್ದರೂ ಅದು ಧರ್ಮಾಧರ್ಮಗಳ ಪ್ರಶ್ನೆ. ಒಂದು ವಸ್ತು ಅಗ್ಗವಾಗಬೇಕಾದರೆ ಆ ವ್ಯತ್ಯಾಸದ ಹಣವನ್ನು ಎಲ್ಲೋ ಯಾರೋ ಬಿಟ್ಟುಕೊಟ್ಟಿರಬೇಕು. ಬಿಟ್ಟುಕೊಟ್ಟವರು ಯಾರು, ಏಕೆ ಬಿಟ್ಟುಕೊಟ್ಟರು, ಹಾಗೆ ಬಿಟ್ಟುಕೊಟ್ಟದ್ದನ್ನು ಪಡೆದವನ ಮೇಲೆ ಏನಾದರೂ ಹೊಣೆ ಬೀಳುತ್ತದೆಯೆ? ಈ ಲೇಖನದಲ್ಲಿ ನಾನು ವಿಚಾರ ಮಾಡಹೊರಟಿರುವುದು ಇಷ್ಟನ್ನೇ.

ಈ ಮಾತು ನನಗೆ ಪುಸ್ತಕದಿಂದ ಹುಟ್ಟಿದ್ದಲ್ಲ. ಶಾಲಾ ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ, ಚಂದ್ರಗಿರಿ ಹೊಳೆಗೆ ಬಡಗಿನ ಒಂದು ಸಣ್ಣ ಪೇಟೆಯಲ್ಲಿ 28 ಸೆಂಟ್ಸ್ ಜಾಗದೊಂದಿಗೆ ಒಂದು ಹಂಚಿನ ಮನೆಯನ್ನು ಕೊಂಡೆ. ಪೇಟೆಯೆಂದರೆ ಬಸ್ಸು ನಿಲ್ಲುವ ಒಂದು ಕಟ್ಟೆ, ಎರಡು ಹೋಟೆಲು, ಅಡಿಕೆ ಕೊಳ್ಳುವವರ ಅಂಗಡಿ, ಸಹಕಾರಿ ಬ್ಯಾಂಕಿನ ಶಾಖೆ, ರೇಶನ್ ಅಂಗಡಿ, ಅರ್ಧ ಫರ್ಲಾಂಗು ಆಚೆಗೆ ಒಂದು ಶಾಲೆ. ಸಂಜೆ ಏಳರ ಮೇಲೆ ನಾಯಿ ಬೊಗಳುವುದೇ ಸುದ್ದಿ. ಹೆಸರು ಹೇಳಿದರೆ ಮನೆ ಮಾರಿದವರು ಯಾರೆಂದು ಓದುಗರಲ್ಲಿ ಹಲವರಿಗೆ ತಿಳಿದುಹೋದೀತು. ಆದ್ದರಿಂದ ಹೆಸರು ಬೇಡ. ನಾನು ಕೊಟ್ಟ ಹಣಕ್ಕೆ ಬೆಂಗಳೂರಿನ ಒಳ್ಳೆಯ ಬಡಾವಣೆಯಲ್ಲಿ ಕಾರು ನಿಲ್ಲಿಸುವಷ್ಟು ನೆಲವೂ ಸಿಗಲಿಕ್ಕಿಲ್ಲ ಎಂದಷ್ಟೇ ಹೇಳುತ್ತೇನೆ.

ಇಂಥ ಮನೆಗಳು ನಮ್ಮಲ್ಲಿ ಅಗ್ಗವಾದುದಕ್ಕೆ ಒಂದು ಚರಿತ್ರೆಯೇ ಇದೆ. ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಈ ಸೀಮೆಯ ಮುಳಿಹುಲ್ಲಿನ ಮಾಡುಗಳು ಕ್ರಮೇಣ ಹಂಚಿನವಾದವು. ಮುರಕಲ್ಲಿನ ಗೋಡೆ, ಹಲಸಿನ ಬಾಗಿಲು, ಚಾವಡಿ, ಅಟ್ಟ, ಭತ್ತದ ಪತ್ತಾಯ, ಹಟ್ಟಿ ಎಲ್ಲವೂ ಸೇರಿದ ಆ ಮನೆಗಳು ಗಂಡ ಹೆಂಡತಿ ಎರಡು ಮಕ್ಕಳ ಸಂಸಾರಕ್ಕೆಂದು ಕಟ್ಟಿದವಲ್ಲ. ಹೊರಗಿನಿಂದ ಗೇಣಿ ಅಕ್ಕಿ ಬರುತ್ತದೆ, ಒಳಗೆ ಹತ್ತಿಪ್ಪತ್ತು ಕೈಗಳು ದುಡಿಯುತ್ತವೆ ಎಂಬ ಲೆಕ್ಕದ ಮೇಲೆ ಅವು ನಿಂತಿದ್ದವು. 1970ರ ಜನವರಿ 1ರಂದು ಭೂಸುಧಾರಣೆ ಜಾರಿಗೆ ಬಂದು ಗೇಣಿ ನಿಂತಿತು. ಉಳುವವನಿಗೆ ಹೊಲ ಬಂತು. ಕುಡಿಕಿಡಪ್ಪಿನವರಿಗೆ ಪಂಚಾಯತು ವ್ಯಾಪ್ತಿಯಲ್ಲಿ 10 ಸೆಂಟ್ಸ್‌ವರೆಗೆ ಸ್ವಂತಕ್ಕೆ ಕೊಳ್ಳುವ ಹಕ್ಕು ಬಂತು. ಅದು ಆಗಬೇಕಾದದ್ದೇ. ತಲೆಮಾರುಗಳ ಅನ್ಯಾಯವೊಂದು ಆ ದಿನ ಕೊನೆಗೊಂಡಿತು. ಆದರೆ ಅದರೊಂದಿಗೆ ದೊಡ್ಡ ಮನೆಗಳ ಅನ್ನವೂ ನಿಂತಿತು. 1976ರ ದಶಂಬರ 1ರಿಂದ ಕೇರಳದಲ್ಲಿ ಹಿಂದೂ ಅವಿಭಕ್ತ ಕುಟುಂಬ ಪದ್ಧತಿ ರದ್ದಾಯಿತು. ಅಳಿಯಸಂತಾನದ ಕುಟುಂಬಗಳಿಗೂ ಅದು ಅನ್ವಯಿಸಿತು. ಯಾರ ಪಾಲೂ ಬೇರೆಯಲ್ಲದ ಮನೆಯಲ್ಲಿ ಈಗ ಪ್ರತಿಯೊಬ್ಬರಿಗೂ ಲೆಕ್ಕದ ಪಾಲು. ಮಾಡಿನ ಒಡೆದ ಹಂಚು ಬದಲಿಸುವವರು ಒಬ್ಬರಾದರೆ ಪಾಲುಗಾರರು ಹನ್ನೊಂದು ಮಂದಿ. ನನ್ನ ಕ್ರಯಪತ್ರದಲ್ಲಿ ಸಹಿ ಹಾಕಿದವರೂ ಸರಿಯಾಗಿ ಹನ್ನೊಂದು ಮಂದಿ.

ಹೀಗೆ ಅಗ್ಗವಾಗುವುದರಲ್ಲಿ ನಾನು ಮೂರು ಬಗೆಗಳನ್ನು ಕಾಣುತ್ತೇನೆ. ಮೊದಲನೆಯದು ಕೊರತೆಯ ಅಗ್ಗ. ಮಾಡು ಸೋರುತ್ತದೆ, ಪಕ್ಕಾಸಿಗೆ ಒರಳೆ ಹಿಡಿದಿದೆ, ಆಸ್ಪತ್ರೆಗೆ ಗಂಟೆಯ ದಾರಿ, ರಾತ್ರಿ ಬಸ್ಸಿಲ್ಲ. ಇದರಲ್ಲಿ ಧರ್ಮಸಂಕಟವೇನೂ ಇಲ್ಲ. ಕೊರತೆಯನ್ನು ನೋಡಿ, ಅದನ್ನು ಹೊರಲು ಒಪ್ಪಿ ಕೊಳ್ಳುವವನಿಗೆ ಬೆಲೆ ಕಡಿಮೆಯಾಗುವುದು ನ್ಯಾಯವೇ. ಮಳೆಗಾಲದಲ್ಲಿ ಬೋಗುಣಿ ಹಿಡಿದು ಚಾವಡಿಯಲ್ಲಿ ಓಡಾಡುವವನು ಅವನೇ ತಾನೆ? ಎರಡನೆಯದು ಮಾರುವವನ ಕಷ್ಟದಿಂದಲೋ ಅರಿಯದತನದಿಂದಲೋ ಆಗುವ ಅಗ್ಗ. ಮೂರನೆಯದಕ್ಕೆ ನಾನು ನಂಬಿಕೆಯ ಅಗ್ಗ ಎನ್ನುತ್ತೇನೆ. ಈ ಮೂರನೆಯದೊಂದಿದೆ ಎಂಬುದು ನನಗೆ ಮನೆ ಕೊಳ್ಳುವವರೆಗೆ ತಿಳಿದಿರಲಿಲ್ಲ.

ಎರಡನೆಯದನ್ನು ಮೊದಲು ನೋಡೋಣ. ಕಾನೂನು ಇಲ್ಲಿ ಬಹಳ ದೂರ ಬರುವುದಿಲ್ಲ. 1872ರ ಕರಾರು ಕಾಯಿದೆಯ ಪ್ರಕಾರ ಬೆಲೆ ಕಡಿಮೆಯಾಯಿತೆಂಬ ಒಂದೇ ಕಾರಣಕ್ಕೆ, ಮಾರಿದವನು ಮನಸ್ಸಾರೆ ಒಪ್ಪಿದ ಕರಾರು ಅಸಿಂಧುವಾಗುವುದಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಸೆಕ್ಷನ್ ಮಾತ್ರ ಸ್ವಲ್ಪ ಮುಂದೆ ಹೋಗಿದೆ. ಸಾಮಾನ್ಯ ಜಾಗ್ರತೆಯಿಂದ ಕೊಳ್ಳುವವನ ಕಣ್ಣಿಗೆ ಬೀಳದ ದೋಷಗಳನ್ನು ಮಾರುವವನು ಹೇಳಬೇಕೆಂದು ಅದರಲ್ಲಿ ಇರುವುದು ಹಲವರಿಗೆ ಗೊತ್ತು. ಅದೇ ಸೆಕ್ಷನ್ನಿನಲ್ಲಿ ಕೊಳ್ಳುವವನಿಗೂ ಒಂದು ಕರ್ತವ್ಯವನ್ನು ಹೇಳಿದೆ ಎಂಬುದು ಗೊತ್ತಿರುವವರು ಕಡಿಮೆ. ಆ ಸ್ವತ್ತಿನಲ್ಲಿ ಮಾರುವವನಿಗಿರುವ ಹಕ್ಕಿನ ಸ್ವರೂಪವಾಗಲಿ ವ್ಯಾಪ್ತಿಯಾಗಲಿ ಅವನು ತಿಳಿದುದಕ್ಕಿಂತ ಹೆಚ್ಚಿನದು, ಅದರಿಂದ ಅದರ ಬೆಲೆ ಗಣನೀಯವಾಗಿ ಏರುತ್ತದೆ ಎಂದು ಕೊಳ್ಳುವವನಿಗೆ ಗೊತ್ತಿದ್ದರೆ ಅವನು ಅದನ್ನು ಮುಚ್ಚಿಡುವಂತಿಲ್ಲ. ಆದರೆ ಇದು ಹಕ್ಕಿನ ಮಾತಾಯಿತು. ಮನೆಯ ಒಳಗಿರುವ ಮರದ ಮಾತು ಇದರಲ್ಲಿ ಬರುವುದಿಲ್ಲ. ಸರಕಾರ ನಿಗದಿ ಮಾಡುವ ‘ನ್ಯಾಯವಿಲ’ ಕೂಡ ನೆಲಕ್ಕೆ. ಮಲಯಾಳದ ಆ ಶಬ್ದ ಎಷ್ಟು ದೊಡ್ಡದು! ನ್ಯಾಯವಾದ ಬೆಲೆ. ಅದನ್ನು ನಾವು ಮುದ್ರಾಂಕದ ಶುಲ್ಕ ಲೆಕ್ಕ ಹಾಕುವುದಕ್ಕೆ ಮಾತ್ರ ಇಟ್ಟುಕೊಂಡಿದ್ದೇವೆ.

ಮರದ ಮಾತು ಎತ್ತಿದೆ. ಈಗ ಹಳೆಮನೆಗಳನ್ನು ಕೊಳ್ಳುವವರಲ್ಲಿ ಒಂದು ಪಂಗಡ ವಾಸಕ್ಕೆಂದು ಕೊಳ್ಳುವುದೇ ಇಲ್ಲ. ಬಾಗಿಲು, ಕಂಬ, ತೊಲೆ, ಪತ್ತಾಯ ಇವನ್ನು ಬಿಚ್ಚಿ ನಂಬರು ಹಾಕಿ ಲಾರಿಗೇರಿಸುತ್ತಾರೆ. ಅವು ಎಲ್ಲಿಯೋ ರಿಸಾರ್ಟಿನ ಮುಖಮಂಟಪವಾಗುತ್ತವೆ, ಶ್ರೀಮಂತರ ಹಾಲಿನಲ್ಲಿ ಮೇಜಾಗುತ್ತವೆ. ನಾನು ಮನೆ ನೋಡಲು ಜತೆಗೆ ಕರೆದೊಯ್ದ ಆಚಾರಿ ಒಳಗೆಲ್ಲ ಸುತ್ತಿ, ಕಂಬವನ್ನು ಉಗುರಿನಿಂದ ಕೆರೆದು, ಪತ್ತಾಯದ ಹಲಗೆಯನ್ನು ಬಡಿದು ನೋಡಿ ನನ್ನನ್ನು ಬಾವಿಕಟ್ಟೆಯ ಹತ್ತಿರ ಕರೆದ. “ಮಾಷ್ಟ್ರೇ, ಬಾಯಿ ಬಿಡಬೇಡಿ. ಇದರ ಮರ ಬಿಚ್ಚಿ ಮಾರಿದರೆ ಅವರು ಹೇಳಿದ ಕ್ರಯ ಅದರಲ್ಲೇ ಹುಟ್ಟುತ್ತದೆ. ಜಾಗ ನಿಮಗೆ ಪುಕ್ಕಟೆ” ಎಂದ. ಅವನು ನನ್ನ ಹಿತಕ್ಕೇ ಹೇಳಿದ್ದು. ಅವನ ವಿದ್ಯೆಗೆ ನಾನು ಕೂಲಿ ಕೊಟ್ಟಿದ್ದೆ, ಆದ್ದರಿಂದ ಆ ತಿಳಿವಳಿಕೆ ನನ್ನದು ಎಂಬ ವಾದವೂ ಇದೆ. ಪೇಟೆಯ ವ್ಯಾಪಾರದ ನೀತಿ ಇದೇ.

ಈ ವಾದ ಇವತ್ತಿನದಲ್ಲ. ಕ್ರಿಸ್ತಪೂರ್ವ 44ರಲ್ಲಿ ರೋಮಿನ ಸಿಸೆರೊ ತನ್ನ ಮಗನನ್ನು ಉದ್ದೇಶಿಸಿ ಕರ್ತವ್ಯಗಳ ಬಗ್ಗೆ ಒಂದು ಗ್ರಂಥ ಬರೆದ. ಅದರ ಮೂರನೆಯ ಭಾಗದಲ್ಲಿ ಮನೆ ಮಾರುವವನ ಪ್ರಸಂಗವೊಂದು ಬರುತ್ತದೆ. ಮನೆ ಹೊರಗಿನಿಂದ ಚೆನ್ನಾಗಿದೆ, ಒಳಗಿನ ಮರ ಹಾಳಾಗಿದೆ, ಕೋಣೆಗಳಲ್ಲಿ ಹಾವು ಕಾಣಿಸುತ್ತದೆ. ಇದು ಒಡೆಯನಿಗೆ ಮಾತ್ರ ಗೊತ್ತು. ಹೇಳಬೇಕೆ? ಸ್ಟೋಯಿಕ್ ಪಂಥದ ಗುರು ಡಯೋಜಿನಿಸ್ ಹೇಳುವುದೇನೆಂದರೆ, ಕಾನೂನು ಹೇಳು ಎಂದಷ್ಟನ್ನು ಹೇಳಿದರೆ ಸಾಕು, ಸುಮ್ಮನಿರುವುದು ಮುಚ್ಚಿಡುವುದಾಗದು. ಅವನ ಶಿಷ್ಯ ಆಂಟಿಪೇಟರ್ ಒಪ್ಪುವುದಿಲ್ಲ. ಮನುಷ್ಯರೆಲ್ಲ ಒಂದೇ ಬಳಗದವರು, ತನ್ನ ಲಾಭಕ್ಕಾಗಿ ಇನ್ನೊಬ್ಬನನ್ನು ಕತ್ತಲೆಯಲ್ಲಿಡುವುದು ಆ ಬಳಗವನ್ನೇ ಒಡೆಯುವುದು ಎಂದು ಅವನ ವಾದ. ಸಿಸೆರೊ ಆಂಟಿಪೇಟರನ ಕಡೆ ನಿಲ್ಲುತ್ತಾನೆ. ಅಲ್ಲಿಯೇ ಕೊಳ್ಳುವವನ ಪ್ರಸಂಗವೂ ಬರುತ್ತದೆ. ಕ್ವಿಂಟಸ್ ಸ್ಕೇವೊಲ ಎಂಬ ನ್ಯಾಯವಿದ ಒಂದು ಜಮೀನಿನ ಬೆಲೆ ಕೇಳಿದ. ಒಡೆಯ ಹೇಳಿದ. ‘ಇದರ ಬೆಲೆ ಇನ್ನೂ ಹೆಚ್ಚೆಂದು ನನ್ನ ಎಣಿಕೆ’ ಎಂದು ಸ್ಕೇವೊಲ ಒಂದು ಲಕ್ಷ ನಾಣ್ಯ ಸೇರಿಸಿ ಕೊಟ್ಟ. ಇದು ಒಳ್ಳೆಯವನ ಲಕ್ಷಣವೆಂದು ಎಲ್ಲರೂ ಒಪ್ಪುತ್ತಾರೆ, ಜಾಣನ ಲಕ್ಷಣವೆಂದು ಮಾತ್ರ ಒಪ್ಪುವುದಿಲ್ಲ ಎಂದು ಸಿಸೆರೊ ಬೇಸರಪಡುತ್ತಾನೆ. ಎರಡು ಸಾವಿರ ವರ್ಷಗಳಾದ ಮೇಲೂ ಬಾವಿಕಟ್ಟೆಯ ಹತ್ತಿರ ಅದೇ ತೀರ್ಪು.

ನಮ್ಮ ನೆಲದ ಕತೆಯೊಂದು ಇದಕ್ಕಿಂತ ಸೂಕ್ಷ್ಮವಾಗಿದೆ. ಬೌದ್ಧರ ಜಾತಕಗಳಲ್ಲಿ ಮೂರನೆಯದು ಸೇರಿವ ಊರಿನ ಇಬ್ಬರು ವರ್ತಕರದು. ಕೆಟ್ಟುಹೋದ ಸಾಹುಕಾರ ಮನೆತನ, ಅಜ್ಜಿ ಮತ್ತು ಮೊಮ್ಮಗಳು. ಮೂಲೆಯಲ್ಲಿ ಕಪ್ಪಗಾದ ಒಂದು ಬಟ್ಟಲು. ಅದು ಚಿನ್ನದ್ದೆಂದು ಅವರಿಗೇ ಗೊತ್ತಿಲ್ಲ. ಮೊದಲು ಬಂದ ವರ್ತಕ ಗೀರಿ ನೋಡಿ ಚಿನ್ನವೆಂದು ತಿಳಿದರೂ ‘ಅರ್ಧ ಕಾಸಿಗೂ ಬಾಳದು’ ಎಂದು ಎಸೆದು ಹೋದ. ಮತ್ತೆ ಬಂದು ಪುಕ್ಕಟೆಯಾಗಿ ಎತ್ತಿಕೊಂಡರಾಯಿತೆಂದು ಅವನ ಹೊಂಚು. ಎರಡನೆಯವನು ಬಂದು, ‘ಅಮ್ಮಾ, ಇದು ಲಕ್ಷ ಬಾಳುವ ಬಟ್ಟಲು, ಅಷ್ಟು ಹಣ ನನ್ನ ಕೈಯಲ್ಲಿಲ್ಲ’ ಎಂದು ನಿಜ ಹೇಳಿದ. ‘ಕೊಡುವಷ್ಟು ಕೊಟ್ಟು ತೆಗೆದುಕೊಂಡು ಹೋಗು’ ಎಂದಳು ಅಜ್ಜಿ. ಅವನು ಕೈಯಲ್ಲಿದ್ದ ಐನೂರು ನಾಣ್ಯವನ್ನೂ ಐನೂರರ ಸರಕನ್ನೂ ಕೊಟ್ಟು, ಹೊಳೆ ದಾಟಲು ಎಂಟು ನಾಣ್ಯವನ್ನೂ ತಕ್ಕಡಿಯನ್ನೂ ಮಾತ್ರ ಇಟ್ಟುಕೊಂಡು ಬಟ್ಟಲು ಒಯ್ದ. ಲಕ್ಷದ ವಸ್ತು ಅವನಿಗೂ ಸಾವಿರಕ್ಕೇ ಸಿಕ್ಕಿದ್ದು! ಆದರೂ ಕತೆ ಅವನನ್ನು ಬೋಧಿಸತ್ವನೆನ್ನುತ್ತದೆ. ಕಡಿಮೆ ಬೆಲೆಗೆ ಕೊಂಡದ್ದರಲ್ಲಿ ದೋಷವಿಲ್ಲ, ಇನ್ನೊಬ್ಬರ ಅರಿಯದತನದ ಮೇಲೆ ಕೊಳ್ಳುವುದರಲ್ಲಿ ದೋಷವಿದೆ ಎಂಬುದು ಇದರಿಂದ ಸ್ಪಷ್ಟ. ಮಾತು ಆಡಿಯಾದ ಮೇಲೆ ಅದೇ ಬೆಲೆ ಬೇರೆಯೇ ಬೆಲೆಯಾಗುತ್ತದೆ.

ಮರುದಿನ ನಾನು ಮನೆಯ ಹಿರಿಯಾಕೆಯ ಹತ್ತಿರ ಆಚಾರಿಯ ಮಾತನ್ನು ಹೇಳಿದೆ. ಇದರಲ್ಲಿ ಹೆಚ್ಚುಗಾರಿಕೆಯೇನೂ ಇಲ್ಲ. ಸಣ್ಣ ಪೇಟೆಯಲ್ಲಿ ಗುಟ್ಟು ಎರಡು ದಿನ ನಿಲ್ಲುವುದಿಲ್ಲ, ಮೂರನೆಯ ದಿನ ಮುಖ ತೋರಿಸಬೇಕಾದದ್ದು ಅದೇ ಬಸ್ಸಿನ ಕಟ್ಟೆಯಲ್ಲಿ. ಎಂಬತ್ತು ದಾಟಿದ ಆಕೆ ಕವಳ ಮೆಲ್ಲುತ್ತ ಕೇಳಿಸಿಕೊಂಡು ಹೇಳಿದರು: “ಗೊತ್ತುಂಟು ಮಾಷ್ಟ್ರೇ. ಮರದವರು ಮೂರು ಸರ್ತಿ ಬಂದು ಹೋಗಿದ್ದಾರೆ. ನಿಮ್ಮದಕ್ಕಿಂತ ಅವರದ್ದು ಜಾಸ್ತಿಯೇ ಇತ್ತು. ಬಿಚ್ಚಿ ಕೊಂಡುಹೋಗುವವರಿಗೆ ಕೊಡುವುದಾದರೆ ಇಷ್ಟು ವರ್ಷ ಸೋರುವ ಮನೆಯಲ್ಲಿ ನಾನು ಯಾಕೆ ಕೂರಬೇಕಿತ್ತು? ನೀವು ಇದರಲ್ಲಿ ಇರುತ್ತೀರಿ ಅಂತ ಅಲ್ಲವಾ?”

ಉಳಿದ ಹತ್ತು ಮಂದಿಯಲ್ಲಿ ಇಬ್ಬರು ಈ ಕಡಿಮೆ ಬೆಲೆಗೆ ಒಪ್ಪಿರಲಿಲ್ಲವೆಂದೂ, ಅವರ ಪಾಲಿಗೆ ಬಿದ್ದ ಕೊರತೆಯನ್ನು ಆಕೆ ತನ್ನ ಪಾಲಿನಿಂದ ತುಂಬಿಕೊಟ್ಟರೆಂದೂ ಆಮೇಲೆ ತಿಳಿಯಿತು. ಎರಡನೆಯ ಬಗೆಯ ಅಗ್ಗವೆಂದು ನಾನು ಅಂಜಿದ್ದು ಮೂರನೆಯ ಬಗೆಯದಾಗಿತ್ತು. ಆಕೆಗೆ ಬೆಲೆ ಗೊತ್ತಿತ್ತು, ಗೊತ್ತಿದ್ದೂ ಬಿಟ್ಟುಕೊಟ್ಟಿದ್ದರು. ಆ ಬಿಟ್ಟುಕೊಟ್ಟ ಹಣದಿಂದ ಮನೆಯ ಮುಂದಿನ ಆಯುಷ್ಯವನ್ನು ಕೊಂಡಿದ್ದರು ಎಂದರೂ ಸರಿ.

ಇಲ್ಲಿ ನಿಜವಾದ ಪ್ರಶ್ನೆ ಹುಟ್ಟುತ್ತದೆ. ಆಕೆಯ ಆ ಒಂದು ಮಾತಿಗೆ ನಾನು ಬದ್ಧನೆ? ವಕೀಲರನ್ನು ಕೇಳಿದರೆ ಅಲ್ಲ ಎನ್ನುತ್ತಾರೆ. ಅದೇ ಸ್ವತ್ತು ವರ್ಗಾವಣೆ ಕಾಯಿದೆಯ 10 ಮತ್ತು 11ನೆಯ ಸೆಕ್ಷನ್ನುಗಳನ್ನು ತೋರಿಸುತ್ತಾರೆ. ಪೂರ್ಣ ಹಕ್ಕು ಕೊಟ್ಟ ಮೇಲೆ ‘ಮುಂದೆ ಮಾರಬಾರದು’ ಎಂಬ ಕಟ್ಟು ಹಾಕಿದರೆ ಅದು ನಿಲ್ಲುವುದಿಲ್ಲ. ‘ಹೀಗೆಯೇ ಅನುಭವಿಸಬೇಕು’ ಎಂದು ಬರೆದರೂ, ಮಾರಿದವನ ಪಕ್ಕದ ಸ್ವತ್ತಿನ ರಕ್ಷಣೆಯಂಥ ಕಾರಣವಿಲ್ಲದಿದ್ದರೆ, ಕೊಂಡವನು ಅದು ಇಲ್ಲವೆಂಬಂತೆ ನಡೆದುಕೊಳ್ಳಬಹುದು. ಇದರ ಹಿಂದೆಯೂ ಒಂದು ವಿವೇಕವಿದೆ. ಸತ್ತವರ ಇಚ್ಛೆಗಳೆಲ್ಲ ಬದುಕಿದವರ ಕೈ ಕಟ್ಟುವಂತಾದರೆ ಊರೆಂಬುದು ಮ್ಯೂಸಿಯಮ್ಮಾದೀತು. ಆದ್ದರಿಂದ ಆಕೆ ತನ್ನ ಶರತ್ತನ್ನು ಕ್ರಯಪತ್ರದಲ್ಲಿ ಬರೆಸಿದ್ದರೂ ಹೆಚ್ಚಿನ ಪ್ರಯೋಜನವಿರುತ್ತಿರಲಿಲ್ಲ. ಬರೆಸಲೂ ಇಲ್ಲ. ನನ್ನ ಮುಖ ನೋಡಿ ಹೇಳಿದರು, ಅಷ್ಟೆ.

ಕಾನೂನು ಹಿಡಿದುಕೊಳ್ಳದ ಮಾತನ್ನು ಹಿಡಿದುಕೊಳ್ಳಲು ನಮ್ಮಲ್ಲಿ ಒಂದು ಹಳೆಯ ಶಬ್ದವಿದೆ, ಋಣ. ಸಾಲಕ್ಕೂ ಋಣಕ್ಕೂ ವ್ಯತ್ಯಾಸವಿದೆ. ಸಾಲ ಕೊಟ್ಟವನು ಕೇಳುತ್ತಾನೆ, ಪತ್ರ ತೋರಿಸುತ್ತಾನೆ, ತೀರಿದ ಮೇಲೆ ರಶೀದಿ ಕೊಡುತ್ತಾನೆ. ಋಣವನ್ನು ಕೇಳುವವರಿಲ್ಲ. ಹೆಚ್ಚಿನ ಸಂದರ್ಭದಲ್ಲಿ ಕೊಟ್ಟವರಿಗೇ ಅದನ್ನು ಹಿಂದಿರುಗಿಸಲೂ ಆಗುವುದಿಲ್ಲ. ಋಷಿಋಣವನ್ನು ಓದಿ, ಓದಿಸಿ ತೀರಿಸಬೇಕು, ಪಿತೃಋಣವನ್ನು ಮಕ್ಕಳ ಮೂಲಕ ತೀರಿಸಬೇಕು ಎಂದು ಹಿರಿಯರು ಹೇಳಿದ್ದರ ಅರ್ಥ ಇದೇ. ಪಡೆದದ್ದು ಹಿಂದಿನವರಿಂದ, ಸಲ್ಲಿಸಬೇಕಾದದ್ದು ಮುಂದಿನವರಿಗೆ. ಅಗ್ಗದ ಹಳೆಮನೆಯ ಋಣವೂ ಈ ಜಾತಿಯದು. ಮಂಗಳೂರಿನಲ್ಲಿ ಮಗಳ ಮನೆಯಲ್ಲಿರುವ ಆ ತಾಯಿಗೆ ನಾನು ಇನ್ನು ಏನನ್ನೂ ಕೊಡಬೇಕಾಗಿಲ್ಲ. ಕೊಡಬೇಕಾದದ್ದು ಈ ಮನೆಯ ಸುತ್ತ ಇರುವವರಿಗೆ, ನನ್ನ ನಂತರ ಇಲ್ಲಿಗೆ ಬರುವವರಿಗೆ.

ಹಾಗೆಂದು ಇದ್ದುದನ್ನು ಇದ್ದ ಹಾಗೆಯೇ ಇಡಬೇಕೆಂದು ನಾನು ತಿಳಿದಿಲ್ಲ. ಹಟ್ಟಿಯಿದ್ದ ಜಾಗದಲ್ಲಿ ಬಚ್ಚಲು, ಪಾಯಿಖಾನೆ ಕಟ್ಟಿಸಿದ್ದೇನೆ. ಅಡಿಗೆಮನೆಯ ಹೊಗೆ ಹೋಗಿ ಗ್ಯಾಸು ಬಂದಿದೆ. ಒರಳೆ ತಿಂದ ಪಕ್ಕಾಸುಗಳಿಗೆ ಬದಲು ಕಬ್ಬಿಣ ಹಾಕಿಸಿದೆ. ಆಕೆ ಕೇಳಿದ್ದು ಮರವನ್ನು ಪೂಜಿಸಲಿಕ್ಕಲ್ಲ, ಇರಲಿಕ್ಕೆ. ಇರುವುದೆಂದರೆ ಮನೆಗೆ ಬೇಕಾದ ಬದಲಾವಣೆಗಳನ್ನು ಮಾಡಿಕೊಂಡೇ ಇರುವುದು.

ಆದರೆ ಇರತೊಡಗಿದ ಮೇಲೆ ಕ್ರಯಪತ್ರದಲ್ಲಿ ಕಾಣದ ಇನ್ನೊಂದಷ್ಟು ಸಂಗತಿಗಳು ಕಾಣಿಸಿದವು. ಮನೆಯ ಹಿಂದಿನ ಗುಡ್ಡೆಯಲ್ಲಿ ಒಂದು ಸುರಂಗವಿದೆ. ಕಾಸರಗೋಡಿನ ಒಳನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೊರಗಿನ ಓದುಗರಿಗಾಗಿ ಹೇಳುವುದಾದರೆ, ಮುರಕಲ್ಲಿನ ಗುಡ್ಡೆಯನ್ನು ಒಬ್ಬಾಳು ನುಗ್ಗುವಷ್ಟು ಅಡ್ಡಕ್ಕೆ ಕೊರೆದು, ಒಳಗೆ ಒಸರುವ ನೀರನ್ನು ಪಂಪಿಲ್ಲದೆ, ಹಗ್ಗವಿಲ್ಲದೆ ಅಂಗಳಕ್ಕೆ ಹರಿಸಿಕೊಳ್ಳುವ ಉಪಾಯ ಅದು. ಆ ನೀರು ನನ್ನ ಅಂಗಳದ ತೊಟ್ಟಿಗೆ ಬಂದು, ತುಂಬಿ ಮಿಕ್ಕದ್ದು ಕೆಳಗಿನ ಎರಡು ಮನೆಗಳಿಗೆ ಹೋಗುತ್ತದೆ. ಹಿಂದೆ ಅಡಿಕೆ ಮರದ ದಂಬೆಯಲ್ಲಿ, ಈಗ ಪೈಪಿನಲ್ಲಿ. ಒಂದು ಮನೆ ಹಿಂದಿನ ಗೇಣಿದಾರರ ಮೊಮ್ಮಕ್ಕಳದ್ದು, ಇನ್ನೊಂದು ಬ್ಯಾರಿ ಕುಟುಂಬದ್ದು. ಏಪ್ರಿಲಿನಲ್ಲಿ ನೂಲಿನಷ್ಟು ನೀರಾದಾಗಲೂ ದಿನಬಿಟ್ಟು ದಿನ ಅವರ ಪಾಲು ಅವರಿಗೆ. ತೋಟದ ಅಂಚಿನಲ್ಲಿ ಶಾಲೆಗೆ ಹೋಗುವ ಮಕ್ಕಳ ಕಾಲುದಾರಿ. ಮೂಲೆಯಲ್ಲಿ ನಾಗಬನ. ಮಾರಿದವರ ಕುಟುಂಬ ವರ್ಷಕ್ಕೊಮ್ಮೆ ಅಲ್ಲಿ ತಂಬಿಲಕ್ಕೆ ಬರುತ್ತದೆ.

ಇವುಗಳಲ್ಲಿ ಕೆಲವಕ್ಕೆ ಕಾನೂನಿನ ಬಲವಿರಬಹುದು. 1882ರ ಈಸ್‌ಮೆಂಟ್ ಕಾಯಿದೆ ನಮ್ಮ ಸೀಮೆ ಮದ್ರಾಸಿನ ಅಧೀನದಲ್ಲಿದ್ದಾಗಿನಿಂದಲೂ ಇಲ್ಲಿ ನಡೆಯುತ್ತಿದೆ. ದಾರಿಯಾಗಲಿ ನೀರಾಗಲಿ 20 ವರ್ಷ ಬಹಿರಂಗವಾಗಿ, ತಂಟೆ ತಡೆಯಿಲ್ಲದೆ, ಹಕ್ಕಿನಿಂದ ಬಳಸಿಕೊಂಡು ಬಂದಿದ್ದರೆ ಅದು ಹಕ್ಕಾಗಿ ಗಟ್ಟಿಯಾಗುತ್ತದೆ. ಆದರೆ ಕೆಳಮನೆಯವರು ಕೋರ್ಟಿಗೆ ಹೋಗಿ ಸಾಬೀತು ಮಾಡಿದ ಮೇಲೆ ನೀರು ಬಿಡುತ್ತೇನೆ ಎನ್ನುವವನು ನ್ಯಾಯವಂತನೆನ್ನಿಸಿಕೊಳ್ಳಬಹುದು, ನೆರೆಯವನೆನ್ನಿಸಿಕೊಳ್ಳಲಾರ. ಹಳೆಮನೆಯ ಬೆಲೆ ಕಡಿಮೆಯಿರುವುದಕ್ಕೆ ಇಂಥ ‘ತೊಡಕು’ಗಳೂ ಕಾರಣ ಎಂದು ದಲಾಲಿಗಳು ಹೇಳುತ್ತಾರೆ. ಅವರು ತೊಡಕೆನ್ನುವುದನ್ನು ನಾನು ಊರು ಎಂದು ತಿಳಿಯುತ್ತೇನೆ. ಊರನ್ನು ಬೆಲೆಯಿಂದ ಕಳೆದು ಕೊಂಡವನು ಆಮೇಲೆ ಅದನ್ನು ಅಂಗಳದಿಂದಲೂ ಕಳೆಯಲು ಹೊರಟರೆ ಒಂದೇ ರಿಯಾಯಿತಿಯನ್ನು ಎರಡು ಸಲ ಪಡೆದಂತಾಗುತ್ತದೆ.

ಈ ಸಂಚಿಕೆಯ ಓದುಗರು ಇಷ್ಟು ಹೊತ್ತಿಗೆ ಇನ್ನೊಂದು ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ‘ನಿಮಗೆ ಸಿಕ್ಕಿದ್ದರಿಂದ ಮನೆ ನಮ್ಮವರ ಕೈಯಲ್ಲೇ ಉಳಿಯಿತು, ಬೇರೆ ಕಡೆ ಹಾಗಾಗುತ್ತಿದೆಯೆ?’ ನಮ್ಮ ಕನ್ನಡದ ಮನೆಗಳಲ್ಲಿ ಇದು ದಿನನಿತ್ಯದ ಮಾತು. 1956ರ ನವಂಬರ 1ರಂದು ಗಡಿಯ ಗೆರೆ ಸರಿದು ನಾವು ಕೂತಲ್ಲಿಯೇ ಅಲ್ಪಸಂಖ್ಯಾತರಾದೆವು. ಚಂದ್ರಗಿರಿಯ ಬಡಗು ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು, ಗೆರೆ ಕದಲಲಿಲ್ಲ. ಆಗ ಗೆರೆ ಸರಿದರೂ ಮನೆಗಳು ಇದ್ದಲ್ಲೇ ಇದ್ದವು. ಈಗ ಸರಿಯುತ್ತಿರುವುದು ನಾವು. ಮಕ್ಕಳು ಮಂಗಳೂರಿಗೆ, ಬೆಂಗಳೂರಿಗೆ, ಕೊಲ್ಲಿಗೆ ಹೋದ ಮೇಲೆ ಒಂದು ಮನೆ ಮಾರಿದರೆ ಕನ್ನಡ ಶಾಲೆಯಲ್ಲಿ ಒಂದೆರಡು ಮಕ್ಕಳು ಕಡಿಮೆ, ವಾಚನಾಲಯದಲ್ಲಿ ಒಬ್ಬ ಸದಸ್ಯ ಕಡಿಮೆ. ಆದ್ದರಿಂದ ‘ನಮ್ಮವರಿಗೇ ಮಾರಬೇಕಿತ್ತು’ ಎಂಬ ನೋವು ಸುಳ್ಳಲ್ಲ.

ತನ್ನವರಿಗೆ ಮೊದಲು ಎಂಬ ನಿಯಮ ಹೊಸದೂ ಅಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸ್ಥಿರಾಸ್ತಿಯನ್ನು ಕೊಳ್ಳುವ ಅವಕಾಶ ಮೊದಲು ಜ್ಞಾತಿಗಳಿಗೆ, ಆಮೇಲೆ ನೆರೆಯವರಿಗೆ, ಆಮೇಲೆ ಸಾಲ ಕೊಟ್ಟ ಧನಿಕರಿಗೆ. ಮನೆಯ ಮುಂದೆ ನೆರೆಯವರು ಕೇಳುವಂತೆ ಮಾರಾಟವನ್ನು ಸಾರಬೇಕೆಂದೂ ಅಲ್ಲಿದೆ. ಇಸ್ಲಾಮಿನ ಶುಫಾ ಪಾಲುಗಾರನಿಗೆ ಆ ಹಕ್ಕನ್ನು ಕೊಡುತ್ತದೆ. ನೆರೆಯವನಿಗೂ ಅದುಂಟೆಂದು ಹನಫಿ ಪಂಥದವರು ಹೇಳುತ್ತಾರೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 22ನೆಯ ಸೆಕ್ಷನ್ ಸಹವಾರಸುದಾರರಿಗೆ ಮೊದಲ ಅವಕಾಶ ಕೊಟ್ಟಿದೆ. ಆದರೆ ಈ ನಿಯಮಗಳಲ್ಲಿ ಒಂದು ಸಾಮ್ಯವನ್ನು ಗಮನಿಸಬೇಕು. ಇವು ಕೊಡುವುದು ಕೊಳ್ಳುವ ಹಕ್ಕು, ಬೆಲೆ ತೆತ್ತು ಕೊಳ್ಳುವ ಹಕ್ಕು. ಬೆಲೆ ತೆರದೆ ಮಾರಾಟವನ್ನು ತಡೆಯುವ ಹಕ್ಕನ್ನಾಗಲಿ, ದೂರ ನಿಂತು ನಿಂದಿಸುವ ಹಕ್ಕನ್ನಾಗಲಿ ಇವು ಯಾರಿಗೂ ಕೊಟ್ಟಿಲ್ಲ.

ನಮ್ಮ ಪೇಟೆಯಲ್ಲಿಯೇ ನಾನು ಕಂಡ ಎರಡು ಮಾರಾಟಗಳಿವೆ. ರಸ್ತೆಯ ಆಚೆಯ ಮನೆಯನ್ನು ಕನ್ನಡದ ಕುಟುಂಬವೊಂದು ತೆಂಕಣದಿಂದ ಬಂದ ಮಲಯಾಳಿ ದಂಪತಿಗಳಿಗೆ ಕೊಟ್ಟಿತು. ‘ಹೋಯಿತು’ ಎಂದರು ಜನ. ಅವರು ಬಾವಿಯ ನೀರಿನ ಹಳೆಯ ಪಾಲನ್ನು ಇದ್ದಂತೆಯೇ ನಡೆಸಿಕೊಂಡು ಬಂದಿದ್ದಾರೆ. ಸ್ವಲ್ಪ ಕೆಳಗಿನ ಇನ್ನೊಂದು ಮನೆಯನ್ನು ‘ನಮ್ಮವರೇ’ ಒಬ್ಬರು ಕೊಂಡರು. ಮರ ಲಾರಿಯೇರಿತು, ಕಾಲುದಾರಿಗೆ ಗೇಟು ಬಿತ್ತು, ಜಾಗ ಪ್ಲಾಟುಗಳಾಯಿತು. ಇದರಿಂದ ಆ ಭಾಷೆಯವರು ಒಳ್ಳೆಯವರು, ಈ ಭಾಷೆಯವರು ಕೆಟ್ಟವರು ಎಂದು ತೀರ್ಮಾನಿಸುವುದು ಬಾಲಿಶ. ತದ್ವಿರುದ್ಧದ ಉದಾಹರಣೆಗಳನ್ನು ಓದುಗರೇ ಕೊಟ್ಟಾರು. ನಾನು ಹೇಳುವುದು ಇಷ್ಟೆ: ಕೊಳ್ಳುವವನ ಮಾತೃಭಾಷೆಯನ್ನು ಕೇಳಿ ಮನೆಯ ಭವಿಷ್ಯವನ್ನು ಹೇಳಲಾಗದು. ಅವನು ಬಿಟ್ಟುಕೊಟ್ಟವರ ಋಣವನ್ನು ಕಾಣಬಲ್ಲನೆ ಎಂದು ಕೇಳಬೇಕು.

ಭಾಷೆಯ ಪ್ರಶ್ನೆ ಹಾಗಾದರೆ ಬಿದ್ದುಹೋಯಿತೆ? ಇಲ್ಲ. ನಾನು ಕೂಡ ಈ ಊರಿನಲ್ಲಿ ಕನ್ನಡ ಉಳಿಯಬೇಕೆನ್ನುವವನೇ. ಆದರೆ ಆ ತಾಯಿ ಮನೆ ಉಳಿಯಬೇಕೆಂದು ಬಯಸಿದಾಗ ಬಯಕೆಯ ಬೆಲೆಯನ್ನು ತನ್ನ ಪಾಲಿನಿಂದ ಕೊಟ್ಟರು, ಇಬ್ಬರು ಪಾಲುಗಾರರ ಪಾಲಿಗೆ ಬಿಡಲಿಲ್ಲ. ನಾವು ಮಾಡುವುದೇನು? ಮಕ್ಕಳ ಮದುವೆಗೋ ಆಸ್ಪತ್ರೆಯ ಖರ್ಚಿಗೋ ಮನೆ ಮಾರುವ ಬಡವನು ಕನ್ನಡಕ್ಕಾಗಿ ಎರಡು ಲಕ್ಷ ಕಡಿಮೆಗೆ ಮಾರಬೇಕೆನ್ನುತ್ತೇವೆ. ಬೆಂಗಳೂರಿನಲ್ಲಿ ಮನೆ ಮಾಡಿಕೊಂಡವರೂ ಹಾಗೆನ್ನುತ್ತಾರೆ. ಮಂಜೇಶ್ವರದ ಗೋವಿಂದ ಪೈಗಳ ಮನೆಯನ್ನು ‘ಗಿಳಿವಿಂಡು’ ಎಂದು ಉಳಿಸಲು ಸರಕಾರಗಳು ಮುಂದೆ ಬಂದವು. ಅದು ಸರಿಯಾದದ್ದೇ. ಹೆಸರಿಲ್ಲದ ಸಾವಿರ ಮನೆಗಳಿಗೆ ಸರಕಾರ ಬರುವುದಿಲ್ಲ. ಅಲ್ಲಿ ಉಳಿಯಬೇಕೆನ್ನುವವರು ಬಂದು ಕೊಳ್ಳಬೇಕು, ಕೊಳ್ಳಲಾಗದಿದ್ದರೆ ಬಂದು ಬಾಡಿಗೆಗಿರಬೇಕು, ಅದೂ ಆಗದಿದ್ದರೆ ಮಾರಿದವನನ್ನು ಬೈಯುವುದನ್ನಾದರೂ ಬಿಡಬೇಕು. ಬೇರೆಯವರ ಪಾಲಿನಿಂದ ತೀರಿಸುವ ಋಣ ಋಣವೇ ಅಲ್ಲ.

ಕೊನೆಗೆ ಉಳಿಯುವ ಪ್ರಶ್ನೆ, ಈ ಋಣ ಎಲ್ಲಿಯವರೆಗೆ? ನನಗೆ ಇಬ್ಬರು ಮಕ್ಕಳು, ಇಬ್ಬರೂ ದೂರದಲ್ಲಿದ್ದಾರೆ. ಅವರು ಇಲ್ಲಿ ಬಂದಿರಬೇಕೆಂದು ನಾನು ಅವರನ್ನು ಕಟ್ಟಿಹಾಕಲಾರೆ. ಆ ತಾಯಿಗೆ ನನ್ನ ಮೇಲಿದ್ದ ನಂಬಿಕೆಯನ್ನು ನಾನು ಮಕ್ಕಳ ಹೆಸರಿಗೆ ಬರೆದುಕೊಡಲು ಬರುವುದಿಲ್ಲ, ಅವರು ನಂಬಿದ್ದು ನನ್ನನ್ನು. ನನ್ನ ಕಾಲದವರೆಗೆ ಇರುವುದು ನನ್ನ ಹೊಣೆ. ಅದರಾಚೆಗೆ ನನ್ನಿಂದ ಆಗುವುದು ತಿಳಿಸುವುದು ಮಾತ್ರ. ಮುಂದೆ ಕೊಳ್ಳುವವರು ಯಾರೇ ಆಗಲಿ, ಕಡಿಮೆ ಬೆಲೆಯ ಹಿಂದೆ ಏನಿತ್ತೆಂದು ತಿಳಿದು ಕೊಳ್ಳಲಿ. ತಿಳಿದ ಮೇಲೆ ಬಿಚ್ಚುವುದಾದರೆ ಅದು ಅವರ ಧರ್ಮಕ್ಕೆ ಬಿಟ್ಟದ್ದು. ತಿಳಿಯದೆ ಬಿಚ್ಚುವಂತಾಗಬಾರದು.

ಈ ಮನೆಯ ಕಾಗದದ ಕಟ್ಟಿನಲ್ಲಿ ಹಳೆಯ ಪತ್ರಗಳು ಕನ್ನಡದಲ್ಲಿವೆ, ಈಚಿನವು ಮಲಯಾಳದಲ್ಲಿವೆ. ಅವುಗಳ ಜತೆಗೆ ನಾನೂ ಎರಡು ಹಾಳೆ ಬರೆದು ಸೇರಿಸಿದ್ದೇನೆ. ಸುರಂಗದ ನೀರು ಯಾವ ದಿನ ಯಾರಿಗೆ, ಕಾಲುದಾರಿ ಎಲ್ಲಿಂದ ಎಲ್ಲಿಗೆ, ತಂಬಿಲಕ್ಕೆ ಯಾರು ಬರುತ್ತಾರೆ, ಈ ಮನೆಯನ್ನು ಮಾರಿದ ಹಿರಿಯಾಕೆ ಏನು ಹೇಳಿದರು, ತನ್ನ ಪಾಲಿನಿಂದ ಎಷ್ಟು ಬಿಟ್ಟುಕೊಟ್ಟರು, ಇಷ್ಟೇ ಅದರಲ್ಲಿರುವುದು. ಅದಕ್ಕೆ ಮುದ್ರಾಂಕವಿಲ್ಲ, ನೋಂದಣಿಯಿಲ್ಲ, ಯಾವ ಕೋರ್ಟಿನಲ್ಲೂ ಅದು ನಿಲ್ಲದು. ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದೆ, ಇನ್ನೊಂದರಲ್ಲಿ ಅದನ್ನೇ ನನಗೆ ಬರುವಷ್ಟು ಮಲಯಾಳದಲ್ಲಿ. ಮುಂದೆ ಬರುವವರು ಯಾವುದನ್ನು ಓದುತ್ತಾರೋ ತಿಳಿಯದು. ಎರಡರಲ್ಲಿ ಒಂದನ್ನು ಓದಿದರೂ ಸಾಕು.